ಕಾಣದ ಬೆಳಕಿಗೆ ಕದ: ವೇಗದ ಅವಕೆಂಪು ಶಟರ್‌ಗಳು ಮತ್ತು ದ್ರವ ಸ್ಫಟಿಕಗಳ ರಸಾಯನ



ಥರ್ಮಲ್ ಕ್ಯಾಮೆರಾವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಕೋವಿಡ್ ಕಾಲದಲ್ಲಿ ವಿಮಾನ ನಿಲ್ದಾಣಗಳಲ್ಲಿ, ದೊಡ್ಡ ಕಚೇರಿಗಳ ಬಾಗಿಲಲ್ಲಿ ಅದು ನಮ್ಮ ಮುಖದ ಬಿಸಿಯನ್ನು ಬಣ್ಣಗಳಾಗಿ ತೋರಿಸುತ್ತಿತ್ತು. ಸಡಿಲವಾದ ಜೋಡಣೆ ಎಲ್ಲಿ ಕಾಯುತ್ತಿದೆ ಎಂಬುದನ್ನು ವಿದ್ಯುತ್ ಉಪಕೇಂದ್ರದ ಎಂಜಿನಿಯರುಗಳು ಪತ್ತೆ ಮಾಡುವುದೂ ಅದರಿಂದಲೇ. ಆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರೆ ಒಳಗಿನಿಂದ ಆಗಾಗ ‘ಟಕ್’ ಎಂಬ ಸಣ್ಣ ಸದ್ದು ಕೇಳುತ್ತದೆ. ಆ ಕ್ಷಣ ಚಿತ್ರ ನಿಂತುಹೋಗಿ, ಮತ್ತೆ ಚಲಿಸತೊಡಗುತ್ತದೆ. ಇಂದಿನ ನನ್ನ ಉಪನ್ಯಾಸ ಆ ಸದ್ದಿನ ಬಗ್ಗೆ, ಮತ್ತು ಅದನ್ನು ಇಲ್ಲವಾಗಿಸಬಲ್ಲ ಅಣುಗಳ ಬಗ್ಗೆ.

ಸದ್ದು ಮಾಡುವುದು ಶಟರ್ ಎಂಬ ಒಂದು ಲೋಹದ ರೆಕ್ಕೆ. ಅಗ್ಗದ ಥರ್ಮಲ್ ಕ್ಯಾಮೆರಾಗಳಲ್ಲಿರುವ ಸಂವೇದಕಕ್ಕೆ ಮೈಕ್ರೊಬೋಲೋಮೀಟರ್ ಎಂದು ಹೆಸರು. ಬೀಳುವ ಬೆಳಕಿನಿಂದ ಸಾವಿರಾರು ಸೂಕ್ಷ್ಮ ಚೌಕಗಳು ಬಿಸಿಯಾಗುತ್ತವೆ, ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಚಿತ್ರ. ಆದರೆ ಕ್ಯಾಮೆರಾದ ಒಡಲೂ ಬಿಸಿಯೇ. ಅದು ಕಾದಂತೆಲ್ಲ ಒಂದೊಂದು ಚೌಕದ ಅಳತೆಯೂ ತನ್ನದೇ ದಿಕ್ಕಿನಲ್ಲಿ ಜಾರುತ್ತದೆ. ಹಾಗಾಗಿ ಆಗಾಗ ಸಂವೇದಕದ ಮುಂದೆ ಲೋಹದ ರೆಕ್ಕೆ ಇಳಿದು, ಎಲ್ಲ ಚೌಕಗಳಿಗೂ ಒಂದೇ ತೆರನಾದ ದೃಶ್ಯವನ್ನು ತೋರಿಸಬೇಕು. ಅದನ್ನು ನೋಡಿ ಎಲೆಕ್ಟ್ರಾನಿಕ್ಸ್ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಪೈರೋಎಲೆಕ್ಟ್ರಿಕ್ ಸಂವೇದಕಗಳಿಗಂತೂ ಶಟರ್ ಇಲ್ಲದೆ ನಡೆಯುವುದೇ ಇಲ್ಲ. ತಾಪ ಬದಲಾದಾಗ ಮಾತ್ರ ಅವು ಪ್ರತಿಕ್ರಿಯಿಸುತ್ತವೆ. ಅವುಗಳ ಎದುರಿನ ಬೆಳಕನ್ನು ಸತತವಾಗಿ ಕತ್ತರಿಸುತ್ತಲೇ ಇರಬೇಕು.

ಲೋಹದ ರೆಕ್ಕೆಗೆ ಮೋಟಾರು ಬೇಕು, ಜಾಗ ಬೇಕು, ವಿದ್ಯುತ್ತು ಬೇಕು. ಅದು ಸವೆಯುತ್ತದೆ. ಇಳಿದಷ್ಟು ಹೊತ್ತು ಕ್ಯಾಮೆರಾ ಕುರುಡು. ಡ್ರೋನ್‌ಗೋ ಅಗ್ನಿಶಾಮಕ ದಳದವರ ಶಿರಸ್ತ್ರಾಣಕ್ಕೋ ಕಟ್ಟಿದ ಕ್ಯಾಮೆರಾದಲ್ಲಿ ಅರ್ಧ ಸೆಕೆಂಡಿನ ಕುರುಡುತನವೂ ಸಣ್ಣ ಸಂಗತಿಯಲ್ಲ. ಅದರ ಜಾಗದಲ್ಲಿ ಚಲಿಸುವ ಭಾಗವೇ ಇಲ್ಲದ, ಕೂದಲೆಳೆಗಿಂತ ತೆಳುವಾದ ದ್ರವದ ಪದರವೊಂದನ್ನು ಇಟ್ಟು, ಕೆಲವು ವೋಲ್ಟುಗಳಿಂದ ಅದನ್ನು ತೆರೆದು ಮುಚ್ಚಿಸಲಾಗದೇ ಎಂಬ ಪ್ರಶ್ನೆ ಏಳುವುದು ಸಹಜ. ನಮ್ಮ ಮೊಬೈಲು, ಟಿವಿ, ಗಡಿಯಾರ, ಕ್ಯಾಲ್ಕುಲೇಟರುಗಳಲ್ಲಿ ಇದೇ ಕೆಲಸವನ್ನು ದ್ರವ ಸ್ಫಟಿಕ ದಶಕಗಳಿಂದ ಮಾಡುತ್ತಿದೆ. ಅದನ್ನೇ ತಂದು ಇಲ್ಲಿ ಕೂರಿಸಿದರೆ ಆಯಿತಲ್ಲ? ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬಲ್ಲೇ ಈ ವಿಷಯದ ಸಾರವೆಲ್ಲ ಇದೆ.

ಮೊದಲು ದ್ರವ ಸ್ಫಟಿಕದ ಬಗ್ಗೆ ನಾಲ್ಕು ಮಾತು. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ವಸ್ತುವನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿತು. 145.5 ಡಿಗ್ರಿಯಲ್ಲಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ನಡುವಿನ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ. ಇವುಗಳಲ್ಲಿ ನಮಗೆ ಬೇಕಾದ ನೆಮ್ಯಾಟಿಕ್ ಬಗೆಯಲ್ಲಿ ಕಡ್ಡಿಯಾಕಾರದ ಅಣುಗಳು ದ್ರವದಂತೆ ಹರಿದಾಡುತ್ತವೆ, ಆದರೆ ಗಾಳಿ ಬೀಸಿದಾಗ ರಾಗಿ ಹೊಲದ ತೆನೆಗಳೆಲ್ಲ ಒಂದೇ ಕಡೆ ಬಾಗುವಂತೆ ಸರಿಸುಮಾರು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಆ ದಿಕ್ಕಿನಲ್ಲಿ ಕಂಪಿಸುವ ಬೆಳಕಿಗೆ ಒಂದು ವಕ್ರೀಭವನಾಂಕ, ಅದಕ್ಕೆ ಅಡ್ಡಲಾಗಿ ಕಂಪಿಸುವ ಬೆಳಕಿಗೆ ಇನ್ನೊಂದು. ಎರಡರ ವ್ಯತ್ಯಾಸಕ್ಕೆ ದ್ವಿವಕ್ರೀಭವನ ಎನ್ನುತ್ತೇವೆ. ಈ ಉಪನ್ಯಾಸದುದ್ದಕ್ಕೂ ಮತ್ತೆ ಮತ್ತೆ ಬರುವ ಸಂಖ್ಯೆ ಅದು.

ಎರಡು ಗಾಜುಗಳ ನಡುವೆ ಈ ದ್ರವವನ್ನು ತುಂಬಿ, ಹೊರಗೆ ಎರಡು ಪೋಲರೈಸರುಗಳನ್ನು ಒಂದಕ್ಕೊಂದು ಅಡ್ಡವಾಗಿ ಇಟ್ಟರೆ ಶಟರ್ ಸಿದ್ಧ. ವೋಲ್ಟೇಜ್ ಇಲ್ಲದಾಗ ಅಣುಗಳು ಗಾಜಿಗೆ ಸಮಾನಾಂತರವಾಗಿ ಮಲಗಿದ್ದು ಬೆಳಕಿನ ಧ್ರುವೀಕರಣವನ್ನು ತಿರುಗಿಸುತ್ತವೆ. ಬೆಳಕು ದಾಟುತ್ತದೆ. ವೋಲ್ಟೇಜ್ ಕೊಟ್ಟಾಗ ಅಣುಗಳು ಎದ್ದು ನಿಲ್ಲುತ್ತವೆ, ಬೆಳಕಿಗೆ ದಾರಿ ಮುಚ್ಚುತ್ತದೆ. ಧ್ರುವೀಕರಣ ಪೂರ್ತಿ ತಿರುಗಬೇಕಾದರೆ ಪದರದ ದಪ್ಪವನ್ನು ದ್ವಿವಕ್ರೀಭವನದಿಂದ ಗುಣಿಸಿದಾಗ ಬೆಳಕಿನ ತರಂಗಾಂತರದ ಅರ್ಧದಷ್ಟು ಬರಬೇಕು.

ತೊಡಕು ಶುರುವಾಗುವುದು ಇಲ್ಲಿ. ಹಸಿರು ಬೆಳಕಿನ ತರಂಗಾಂತರ ಅರ್ಧ ಮೈಕ್ರಾನಿಗಿಂತ ತುಸು ಹೆಚ್ಚು. ಮನುಷ್ಯನ ಮೈಯಿಂದ ಹೊಮ್ಮುವ ಬಿಸಿಯ ಬೆಳಕಿನ, ಅಂದರೆ ಅವಕೆಂಪಿನ, ಗರಿಷ್ಠ ಇರುವುದು ಒಂಬತ್ತು, ಹತ್ತು ಮೈಕ್ರಾನಿನ ಸುತ್ತ. ತರಂಗಾಂತರ ಸುಮಾರು ಇಪ್ಪತ್ತು ಪಟ್ಟಾದರೆ ಪದರವೂ ಇಪ್ಪತ್ತು ಪಟ್ಟು ದಪ್ಪವಾಗಬೇಕು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ವೋಲ್ಟೇಜ್ ತೆಗೆದ ಮೇಲೆ ಅಣುಗಳು ಮರಳಿ ಮಲಗಲು ಹಿಡಿಯುವ ಸಮಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಬ್ಬಿಸುವುದಕ್ಕೆ ವೋಲ್ಟೇಜ್ ಇದೆ, ಹೆಚ್ಚಿಸಿದಷ್ಟೂ ಬೇಗ ಏಳುತ್ತವೆ. ಮಲಗಿಸುವುದಕ್ಕೆ ಗಾಜಿನ ಮೇಲ್ಮೈಯ ಹಿಡಿತ ಬಿಟ್ಟರೆ ಇನ್ನಾರೂ ಇಲ್ಲ. ಆ ಹಿಡಿತ ಪದರದ ನಡುವಿನ ಅಣುವಿಗೆ ತಲುಪುವುದು ಅಣುವಿನಿಂದ ಅಣುವಿಗೆ ಸಾಗುವ ಸ್ಥಿತಿಸ್ಥಾಪಕ ಬಲದ ಮೂಲಕ. ದೂರ ಹೆಚ್ಚಿದಷ್ಟೂ ಅದು ಸೋಲುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಎಲ್ಲ ಪ್ರಯೋಗಾಲಯಗಳಲ್ಲೂ ಸಿಗುವ 5ಸಿಬಿ ಎಂಬ ದ್ರವ ಸ್ಫಟಿಕವನ್ನು ತೆಗೆದುಕೊಳ್ಳಿ. ಅದರ ಸ್ನಿಗ್ಧತೆ, ಸ್ಥಿತಿಸ್ಥಾಪಕ ಗುಣಾಂಕಗಳನ್ನು ಸೂತ್ರದಲ್ಲಿ ಇಟ್ಟರೆ 5 ಮೈಕ್ರಾನ್ ದಪ್ಪದ ಪದರ ಮರಳಲು ಸುಮಾರು 34 ಮಿಲಿಸೆಕೆಂಡ್. ಹಸಿರು ಬೆಳಕಿಗೆ ಒಂದೂವರೆ ಮೈಕ್ರಾನಿನಷ್ಟು ದಪ್ಪವೇ ಸಾಕು, ಮೂರು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಿತು. ಅದೇ ವಸ್ತುವಿನಿಂದ ಇಂಗಾಲದ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನ್ ಬೆಳಕಿಗೆ ಶಟರ್ ಮಾಡಬೇಕೆಂದರೆ ಸುಮಾರು 33 ಮೈಕ್ರಾನ್ ದಪ್ಪ ಬೇಕು. ಸಮಯ ಒಂದೂವರೆ ಸೆಕೆಂಡ್! ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯವೇ 33 ಮಿಲಿಸೆಕೆಂಡ್. ಲೋಹದ ರೆಕ್ಕೆಯೇ ಇದಕ್ಕಿಂತ ಎಷ್ಟೋ ಚುರುಕು.

ಈ ಲೆಕ್ಕದಿಂದ ಹೊರಬರುವ ದಾರಿಯನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಮುಖ್ಯರು ಶಿನ್-ತ್ಸೊನ್ ವು. ಮೊದಲು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿದ್ದ ಹ್ಯೂಸ್ ಸಂಶೋಧನಾಲಯದಲ್ಲಿ, 2001ರಿಂದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ದುಡಿದವರು. ದ್ರವ ಸ್ಫಟಿಕದ ಯೋಗ್ಯತೆಯನ್ನು ಅಳೆಯಲು ಅವರು ಬಳಸಿದ ಸಂಖ್ಯೆ ಹೀಗಿದೆ: ಸ್ಥಿತಿಸ್ಥಾಪಕ ಗುಣಾಂಕವನ್ನು ದ್ವಿವಕ್ರೀಭವನದ ವರ್ಗದಿಂದ ಗುಣಿಸಿ, ಸ್ನಿಗ್ಧತೆಯಿಂದ ಭಾಗಿಸಬೇಕು. ದ್ವಿವಕ್ರೀಭವನಕ್ಕೆ ವರ್ಗದ ಬಲವಿರುವುದನ್ನು ಗಮನಿಸಿ. 5ಸಿಬಿಯಂತೆ 0.16 ಇರುವಲ್ಲಿ 0.40 ತಂದರೆ, ಉಳಿದೆಲ್ಲ ಹಾಗೇ ಇದ್ದರೂ, ಪದರ 33ರಿಂದ 13 ಮೈಕ್ರಾನಿಗೆ ಇಳಿಯುತ್ತದೆ, ಶಟರ್ ಆರು ಪಟ್ಟಿಗಿಂತ ಹೆಚ್ಚು ಚುರುಕಾಗುತ್ತದೆ. ಚಾಲಕ ಸರ್ಕ್ಯೂಟಿನಲ್ಲಿ ಎಷ್ಟೇ ಜಾಣತನ ತೋರಿದರೂ ಈ ಮೂರು ಗುಣಗಳಿಗೆ ಆಧಾರ ಅಣುವೇ. ನನ್ನ ಇಂದಿನ ಮಾತಿನ ತಿರುಳು ಇದು: ಅವಕೆಂಪು ಶಟರ್‌ನ ವೇಗ ಹುಟ್ಟುವುದು ರಸಾಯನಶಾಸ್ತ್ರಜ್ಞರ ಮೇಜಿನ ಮೇಲೆ.

ರಸಾಯನ ಹೇಗೆ ಒಂದು ಉದ್ಯಮವನ್ನೇ ಹುಟ್ಟಿಸುತ್ತದೆ ಎಂಬುದಕ್ಕೆ ದ್ರವ ಸ್ಫಟಿಕದ ಚರಿತ್ರೆಯಲ್ಲೇ ಸಾಕ್ಷಿಯಿದೆ. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್‌ಮೈಯರ್ ತಂಡ ದ್ರವ ಸ್ಫಟಿಕದ ಪರದೆಗಳನ್ನು ತೋರಿಸಿತ್ತು. ಭೌತವಿಜ್ಞಾನ ಸಿದ್ಧವಾಗಿತ್ತು, ಸರ್ಕ್ಯೂಟುಗಳೂ ಸಿದ್ಧವಾಗಿದ್ದವು. ಬಾಳಿಕೆ ಬರುವ ವಸ್ತು ಮಾತ್ರ ಇರಲಿಲ್ಲ. ಆಗ ಸಿಗುತ್ತಿದ್ದ ಅಣುಗಳ ನಡುಭಾಗದ ಕೊಂಡಿ ಗಾಳಿಯ ತೇವಕ್ಕೇ ಮುರಿಯುತ್ತಿತ್ತು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ಆ ಕೊಂಡಿಯನ್ನೇ ಕಿತ್ತುಹಾಕಿ, ಎರಡು ಬೆಂಜೀನ್ ಉಂಗುರಗಳನ್ನು ನೇರವಾಗಿ ಜೋಡಿಸಿ, ಒಂದು ತುದಿಗೆ ಸಯನೊ ಗುಂಪನ್ನೂ ಇನ್ನೊಂದು ತುದಿಗೆ ಐದು ಇಂಗಾಲಗಳ ಬಾಲವನ್ನೂ ಹಚ್ಚಿದರು. 1973ರಲ್ಲಿ ಪ್ರಕಟವಾದ ಆ ಅಣುವೇ 5ಸಿಬಿ. 24 ಡಿಗ್ರಿಯಿಂದ 35 ಡಿಗ್ರಿಯವರೆಗೆ ಅದು ನೆಮ್ಯಾಟಿಕ್. ಬೇರೆ ಉದ್ದದ ಬಾಲಗಳಿರುವ ಅದರ ಬಂಧುಗಳನ್ನು ಮಾಲ್ವರ್ನ್‌ನ ಸರ್ಕಾರಿ ಸಂಶೋಧನಾಲಯದ ಪೀಟರ್ ರೇನ್ಸ್ ಲೆಕ್ಕ ಹಾಕಿ ಬೆರೆಸಿದಾಗ, ಸೊನ್ನೆಗಿಂತ ಕೆಳಗಿನಿಂದ 60 ಡಿಗ್ರಿಯ ಹತ್ತಿರದವರೆಗೆ ನಿಲ್ಲುವ ಇ7 ಎಂಬ ಮಿಶ್ರಣ ಬಂತು. ಜಗತ್ತಿನ ಕೈಗಡಿಯಾರಗಳು, ಕ್ಯಾಲ್ಕುಲೇಟರುಗಳು ಅದರ ಮೇಲೆ ನಿಂತವು. ಒಬ್ಬ ಭೌತವಿಜ್ಞಾನಿಯೂ ಒಬ್ಬ ರಸಾಯನವಿಜ್ಞಾನಿಯೂ ಒಂದೇ ಮೇಜಿನಲ್ಲಿ ಕೂತಿದ್ದಕ್ಕೆ ಇದು ಸಾಧ್ಯವಾಯಿತು.

ಅವಕೆಂಪಿಗೆ ಬೇಕಾದ ದೊಡ್ಡ ದ್ವಿವಕ್ರೀಭವನ ಬರುವುದು ಉದ್ದನೆಯ ಎಲೆಕ್ಟ್ರಾನ್ ಸಾಲಿನಿಂದ. ಬೆಂಜೀನ್ ಉಂಗುರಗಳ ನಡುವೆ ಇಂಗಾಲ-ಇಂಗಾಲ ತ್ರಿಬಂಧ ಇಟ್ಟರೆ ಟೋಲೇನ್ ಎಂಬ ಕುಟುಂಬ ಸಿಗುತ್ತದೆ. ತುದಿಗೆ ಐಸೊಥಯೊಸಯನೇಟ್ ಗುಂಪು ಹಚ್ಚಿದರೆ ಎಲೆಕ್ಟ್ರಾನ್ ಸಾಲು ಇನ್ನೂ ಉದ್ದವಾಗುತ್ತದೆ, ಸ್ನಿಗ್ಧತೆ ಮಾತ್ರ ಸಯನೊ ಅಣುಗಳಷ್ಟು ಏರುವುದಿಲ್ಲ. ವಾರ್ಸಾದ ಮಿಲಿಟರಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೋಮನ್ ದೊಂಬ್ರೋವ್ಸ್ಕಿ ಅವರ ಗುಂಪು ಈ ಅಣುಗಳನ್ನು ದಶಕಗಳ ಕಾಲ ತಾಳ್ಮೆಯಿಂದ ಕಟ್ಟುತ್ತಾ ಬಂದಿದೆ. 0.4ನ್ನು ದಾಟಿದ ಮಿಶ್ರಣಗಳು ಈ ದಾರಿಯಲ್ಲೇ ಬಂದವು. ಟಿವಿ ಮಾಡುವವರು ಇಂಥ ಅಣುಗಳನ್ನು ದೂರ ಇಟ್ಟರು. ಎಲೆಕ್ಟ್ರಾನ್ ಸಾಲು ಉದ್ದವಾದಷ್ಟೂ ವಸ್ತು ಹಳದಿಗೆ ತಿರುಗುತ್ತದೆ, ಮೇಲಾಗಿ ಟೋಲೇನ್‌ಗಳು ನೇರಳಾತೀತ ಬೆಳಕಿಗೆ ಕೆಡುತ್ತವೆ. ಅವಕೆಂಪಿನಲ್ಲಿ ಈ ಎರಡೂ ದೋಷಗಳು ದೋಷಗಳೇ ಅಲ್ಲ. ಹಳದಿಯಾದರೇನು, ಹಸಿರಾದರೇನು, ನಮಗೆ ಬೇಕಾದ ಬೆಳಕು ಕಣ್ಣಿಗೇ ಕಾಣದ್ದು. ಶಟರ್‌ನ ಕಿಟಕಿಯನ್ನು ಜರ್ಮೇನಿಯಮ್‌ನಿಂದ ಮಾಡಿದರೆ ಅದು ಕಣ್ಣಿಗೆ ಕಾಣುವ ಬೆಳಕನ್ನೂ ನೇರಳಾತೀತವನ್ನೂ ತಾನೇ ತಡೆದು ಒಳಗಿನ ಅಣುವನ್ನು ಕಾಯುತ್ತದೆ.

ಇನ್ನೊಂದು ಸಹಾಯ ತಾಪದಿಂದ ಸಿಗುತ್ತದೆ. ಬಿಸಿ ಮಾಡಿದರೆ ಸ್ನಿಗ್ಧತೆ ಭರದಿಂದ ಇಳಿಯುತ್ತದೆ. ದ್ವಿವಕ್ರೀಭವನ, ಸ್ಥಿತಿಸ್ಥಾಪಕತೆಗಳೂ ಇಳಿಯುತ್ತವೆ, ಆದರೆ ನಿಧಾನವಾಗಿ. ತಿಳಿಯಾಗುವ ತಾಪಕ್ಕೆ ತೀರಾ ಹತ್ತಿರ ಹೋದಾಗ ಮಾತ್ರ ಅವು ಕುಸಿಯುತ್ತವೆ. ಹೀಗಾಗಿ ವು ಅವರ ಯೋಗ್ಯತಾ ಸಂಖ್ಯೆಗೆ ತಿಳಿಯಾಗುವ ತಾಪಕ್ಕಿಂತ ಸ್ವಲ್ಪ ಕೆಳಗೆ ಒಂದು ಶಿಖರವಿದೆ. ತಿಳಿಯಾಗುವ ತಾಪ ಎತ್ತರದಲ್ಲಿರುವ ಮಿಶ್ರಣವನ್ನು ಸಣ್ಣ ಹೀಟರಿನ ಮೇಲೆ ಕೂರಿಸಿ ಓಡಿಸುವುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಪದ್ಧತಿ.

ಇಷ್ಟಾದರೂ ದೊಡ್ಡ ಅಡ್ಡಿ ಹಾಗೇ ಉಳಿದಿದೆ. ಅಣುಗಳು ಅವಕೆಂಪನ್ನು ನುಂಗುತ್ತವೆ.

ಇದನ್ನು ಕಣ್ಣಾರೆ ನೋಡಬೇಕು. 5ಸಿಬಿಯ ತೆಳು ಪದರವನ್ನು ಎರಡು ಅವಕೆಂಪು ಕಿಟಕಿಗಳ ನಡುವೆ ಹಿಡಿದು ಸ್ಪೆಕ್ಟ್ರೋಮೀಟರಿನಲ್ಲಿಟ್ಟರೆ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಎಡದಲ್ಲಿ 3.3 ಮೈಕ್ರಾನಿನ ಹತ್ತಿರ ಸಣ್ಣ ತಗ್ಗು, ಅದು ಬೆಂಜೀನ್ ಉಂಗುರಕ್ಕೆ ಅಂಟಿದ ಹೈಡ್ರೋಜನ್. ಅದರ ಪಕ್ಕದಲ್ಲೇ 3.4ರಲ್ಲಿ ಆಳವಾದ, ಅಗಲವಾದ ಕಂದಕ, ಅದು ಬಾಲದ ಇಂಗಾಲ-ಹೈಡ್ರೋಜನ್ ಬಂಧಗಳ ಹಿಗ್ಗು ಕುಗ್ಗು. 4.5ರಲ್ಲಿ ಸೂಜಿಯಂತೆ ನೇರವಾದ ಗೀಟು, ಅದು ಸಯನೊ ಗುಂಪಿನ ಸಹಿ. 6.2ರಲ್ಲಿ ಉಂಗುರದ್ದೇ ಕಂಪನ. ಮುಂದೆ ಏಳರ ಸುತ್ತ ಬಾಲದ ಬಾಗು, ಕೊನೆಗೆ 12ರ ಹತ್ತಿರ ಉಂಗುರದ ಹೈಡ್ರೋಜನ್‌ಗಳು ಉಂಗುರದ ಸಮತಲದಿಂದ ಮೇಲೆ ಕೆಳಗೆ ಅಲುಗುವ ಗುರುತು. ವಾತಾವರಣ ಅವಕೆಂಪನ್ನು ಬಿಡುವ ಎರಡು ಕಿಟಕಿಗಳಿರುವುದು 3ರಿಂದ 5 ಮೈಕ್ರಾನ್ ಮತ್ತು 8ರಿಂದ 12 ಮೈಕ್ರಾನ್. ನಮ್ಮ ಅಣುವಿನ ಹಲವು ತಗ್ಗುಗಳು ಸರಿಯಾಗಿ ಈ ಕಿಟಕಿಗಳ ಒಳಗೇ ಬಂದು ಕೂತಿವೆ. ಪದರ ದಪ್ಪವಾದಷ್ಟೂ ತಗ್ಗು ಆಳವಾಗುತ್ತದೆ. ನುಂಗಿದ ಬೆಳಕು ಬಿಸಿಯಾಗುತ್ತದೆ, ಲೇಸರಿನ ಮುಂದೆ ಇಟ್ಟರೆ ದ್ರವ ಸ್ಫಟಿಕ ತನ್ನ ಸ್ಥಿತಿಯನ್ನೇ ಕಳೆದುಕೊಂಡು ತಿಳಿಯಾಗಿಬಿಡುತ್ತದೆ. ಚೆನ್ನಾಗಿ ನುಂಗುವ ವಸ್ತು ಅದೇ ತರಂಗಾಂತರದಲ್ಲಿ ಚೆನ್ನಾಗಿ ಹೊಮ್ಮಿಸುತ್ತದೆ ಎಂಬ ಕಿರ್ಕಾಫ್ ನಿಯಮವೂ ಇದೆಯಲ್ಲ. ಥರ್ಮಲ್ ಕ್ಯಾಮೆರಾದ ಮುಂದಿನ ಶಟರ್ ತಾನೇ ಹೊಳೆಯತೊಡಗಿದರೆ ಅದರಿಂದ ಏನು ಪ್ರಯೋಜನ?

ಬಂಧವೊಂದು ಕಂಪಿಸುವ ಆವರ್ತನ ಎರಡು ಸಂಗತಿಗಳಿಂದ ನಿರ್ಧಾರವಾಗುತ್ತದೆ: ಬಂಧದ ಬಿಗುವು ಮತ್ತು ತುದಿಯ ಪರಮಾಣುಗಳ ತೂಕ. ತೂಕ ಹೆಚ್ಚಿಸಿದರೆ ಆವರ್ತನ ಇಳಿದು ತಗ್ಗು ಉದ್ದ ತರಂಗಾಂತರದ ಕಡೆ ಸರಿಯುತ್ತದೆ. ಮೊದಲು ಹೊಳೆಯುವ ಉಪಾಯ ಹೈಡ್ರೋಜನ್ ಬದಲು ಅದರ ಎರಡರಷ್ಟು ತೂಕದ ಡ್ಯೂಟೀರಿಯಮ್ ಇಡುವುದು. ಆಗ 3.4ರ ಕಂದಕ 4.7ರ ಹತ್ತಿರ ಹೋಗುತ್ತದೆ. ಹೋಗುತ್ತದೆ ನಿಜ, ಆದರೆ ಇನ್ನೂ ಅದೇ ಕಿಟಕಿಯಲ್ಲಿದೆ! ನಾಲ್ಕು ಮೈಕ್ರಾನಿನೊಳಗೆ ಕೆಲಸ ಮಾಡುವವರಿಗೆ ಮಾತ್ರ ಅದು ಉಪಕಾರಿ, ಬೆಲೆಯೂ ದುಬಾರಿ. ಎರಡನೆಯ ಉಪಾಯ ಫ್ಲೋರಿನ್. ಇಂಗಾಲ-ಫ್ಲೋರಿನ್ ಬಂಧ 8ರಿಂದ 10 ಮೈಕ್ರಾನಿನ ನಡುವೆ ನುಂಗುತ್ತದೆ. ಹಾಗಾಗಿ 3ರಿಂದ 5ರ ಕಿಟಕಿ ಸ್ವಚ್ಛವಾಗುತ್ತದೆ, 8ರಿಂದ 12ರ ಕಿಟಕಿ ಕೆಡುತ್ತದೆ. ಮನುಷ್ಯರ ಬಿಸಿಯನ್ನು ನೋಡುವ ಕ್ಯಾಮೆರಾಕ್ಕೆ ಅದು ವಿಷ.

ಮೂರನೆಯ ಉಪಾಯವೇ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು: ಕ್ಲೋರಿನ್. ಫ್ಲೋರಿನ್‌ಗಿಂತ ಭಾರ, ಬಂಧವೂ ಸಡಿಲ. ಇಂಗಾಲ-ಕ್ಲೋರಿನ್ ಕಂಪನ 12 ಮೈಕ್ರಾನಿನ ಆಚೆಗೆ ಬೀಳುತ್ತದೆ. ಎರಡೂ ಕಿಟಕಿಗಳು ಅದರ ಕಾಟದಿಂದ ಪಾರಾಗುತ್ತವೆ. ಬಾಲದ ಜಾಗದಲ್ಲೇ ಕ್ಲೋರಿನ್ ಕೂರಿಸಿದರೆ 3.4ರ ಕಂದಕವೂ ಕುಗ್ಗುತ್ತದೆ. 2011ರಲ್ಲಿ ವು ಅವರ ಗುಂಪು, ವಾರ್ಸಾದ ದೊಂಬ್ರೋವ್ಸ್ಕಿ ಮತ್ತು ಸಂಗಡಿಗರು, ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಟ್ವೀಗ್ ಒಟ್ಟಾಗಿ 3ರಿಂದ 5 ಮೈಕ್ರಾನ್ ಕಿಟಕಿಯಲ್ಲಿ ಕಡಿಮೆ ನುಂಗುವ ದ್ರವ ಸ್ಫಟಿಕಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಕ್ಲೋರಿನ್ ಹೊತ್ತ ಅಣುಗಳ ಮಿಶ್ರಣಗಳು ಈ ಹಾದಿಯಲ್ಲಿ ಮುಂದುವರಿದವು.

ಅಷ್ಟಕ್ಕೇ ಮುಗಿಯಿತೆಂದುಕೊಳ್ಳಬೇಡಿ. ಬಾಲ ಅಲಂಕಾರಕ್ಕಾಗಿ ಇರುವುದಲ್ಲ. ಬಾಗುವ, ಅಲುಗುವ ಆ ಬಾಲವೇ ಅಣುಗಳು ಬಿಗಿಯಾಗಿ ಕಟ್ಟಿಕೊಂಡು ಗಟ್ಟಿ ಸ್ಫಟಿಕವಾಗದಂತೆ ತಡೆಯುವುದು. ಅದನ್ನು ಕತ್ತರಿಸಿದರೆ ಕರಗುವ ತಾಪ ಮೇಲೇರುತ್ತದೆ, ಎಷ್ಟೋ ಸಲ ನೆಮ್ಯಾಟಿಕ್ ಸ್ಥಿತಿಯೇ ಕಾಣೆಯಾಗುತ್ತದೆ. ಕ್ಲೋರಿನ್ ದಪ್ಪ ಪರಮಾಣು, ಉಂಗುರದ ಪಕ್ಕೆಗೆ ಹಚ್ಚಿದರೆ ಅಣು ಅಗಲವಾಗಿ ಸ್ನಿಗ್ಧತೆ ಏರುತ್ತದೆ, ತಿಳಿಯಾಗುವ ತಾಪ ಬೀಳುತ್ತದೆ. ಹೀಗೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆಯುತ್ತೇವೆ. ಆದ್ದರಿಂದಲೇ ಒಂಟಿ ಅಣುವಿನಿಂದ ಯಾವತ್ತೂ ಶಟರ್ ಆಗುವುದಿಲ್ಲ. ಹಲವು ಅಣುಗಳನ್ನು, ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ, ಕೋಣೆಯ ತಾಪಕ್ಕಿಂತ ಬಹಳ ಕೆಳಗೆ ಕರಗುವಂತೆ ಬೆರೆಸಬೇಕು. ಒಂದೊಂದು ಅಣುವನ್ನೂ ಹಲವು ಹಂತಗಳಲ್ಲಿ ಕಟ್ಟಿ, ಕಾಲಮ್ಮಿನಲ್ಲಿ ಇಳಿಸಿ, ಮತ್ತೆ ಮತ್ತೆ ಸ್ಫಟಿಕವಾಗಿಸಿ ಶುದ್ಧಗೊಳಿಸಬೇಕು. ಉಳಿದ ಅಯಾನುಗಳ ಲವಲೇಶವೂ ವೋಲ್ಟೇಜನ್ನು ಸೋರಿಸಿಬಿಡುತ್ತದೆ. ಬಿಸಿಯಾಗುವ ವೇದಿಕೆಯ ಸೂಕ್ಷ್ಮದರ್ಶಕದ ಕೆಳಗೆ ಹೊಸ ಅಣುವಿನ ಒಂದು ಕಣವನ್ನಿಟ್ಟು, ನೆಮ್ಯಾಟಿಕ್‌ನ ಕಪ್ಪು ಎಳೆಗಳು ಮೂಡುವವೋ ಇಲ್ಲವೋ ಎಂದು ಕಾಯುವ ಆ ನಿಮಿಷಗಳ ಆತಂಕವನ್ನೂ ಆನಂದವನ್ನೂ ಮಾಡಿದವರೇ ಬಲ್ಲರು.

ದ್ರವದ ಸುತ್ತಲಿನ ಸಾಮಾನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಾಧಾರಣ ಗಾಜು ಈ ಕಿಟಕಿಗಳಿಗೆ ಒದಗುವುದಿಲ್ಲ. ಜರ್ಮೇನಿಯಮ್, ಸಿಲಿಕಾನ್, ಸತುವಿನ ಸೆಲೆನೈಡ್, ಕ್ಯಾಲ್ಸಿಯಮ್ ಫ್ಲೋರೈಡ್ ಬೇಕು. ಜರ್ಮೇನಿಯಮ್‌ನ ವಕ್ರೀಭವನಾಂಕ 4. ಅದರಿಂದಾಗಿ ಗಾಳಿಗೆ ತಾಗಿದ ಒಂದೊಂದು ಮೈಯೂ ನೂರಕ್ಕೆ 36ರಷ್ಟು ಬೆಳಕನ್ನು ಹಿಂದೆ ಅಟ್ಟುತ್ತದೆ, ಪ್ರತಿಫಲನ ತಡೆಯುವ ಲೇಪ ಇಲ್ಲದೆ ಸಾಗದು. ಟಿವಿಗಳಲ್ಲಿ ಬಳಸುವ ಪಾರದರ್ಶಕ ವಿದ್ಯುತ್ ಲೇಪವಾದ ಇಂಡಿಯಮ್ ಟಿನ್ ಆಕ್ಸೈಡ್ ಒಂದೂವರೆ, ಎರಡು ಮೈಕ್ರಾನ್ ದಾಟಿದ ಮೇಲೆ ಕನ್ನಡಿಯಾಗತೊಡಗುತ್ತದೆ. ಜರ್ಮೇನಿಯಮ್ ಅರೆವಾಹಕವಾದ್ದರಿಂದ ಅದನ್ನೇ ವಿದ್ಯುದ್ವಾರವಾಗಿ ಬಳಸಿ ಈ ತೊಡಕನ್ನು ದಾಟಬಹುದು. ಪೋಲರೈಸರಾಗಿ ಲೋಹದ ತೆಳು ತಂತಿಗಳ ಜಾಲರಿ ಇಡುತ್ತಾರೆ. ರೈನಿಟ್ಸರ್ ಕೊಲೆಸ್ಟೆರಿಲ್ ಬೆಂಜೊಯೇಟನ್ನು ಕರಗಿಸಿದ ಅದೇ 1888ರಲ್ಲಿ ಹೈನ್ರಿಕ್ ಹರ್ಟ್ಸ್ ರೇಡಿಯೊ ಅಲೆಗಳನ್ನು ಇಂಥದೇ ತಂತಿ ಜಾಲರಿಯಿಂದ ಪರೀಕ್ಷಿಸುತ್ತಿದ್ದರು. ಅಂದು ಒಬ್ಬರನ್ನೊಬ್ಬರು ಅರಿಯದಿದ್ದ ಎರಡು ಪ್ರಯೋಗಗಳು ಇಂದು ಒಂದೇ ಉಪಕರಣದಲ್ಲಿ ಸೇರಿವೆ.

ಪೋಲರೈಸರು ಅರ್ಧ ಬೆಳಕನ್ನು ಕಳೆಯುತ್ತದೆ. ಬಿಸಿಯ ಮಸುಕು ಬೆಳಕಿನಲ್ಲಿ ಅರ್ಧ ಕಳೆಯುವುದೆಂದರೆ ದೊಡ್ಡ ನಷ್ಟ. ಅದನ್ನು ತಪ್ಪಿಸುವ ಬೇರೆ ದಾರಿಯೊಂದು ಕೆಂಟ್ ಸ್ಟೇಟ್‌ನ ದ್ರವ ಸ್ಫಟಿಕ ಸಂಸ್ಥೆಯಿಂದ ಬಂತು. ವಿಲಿಯಮ್ ಡೋನ್ ಮತ್ತು ಸಂಗಡಿಗರು 1986ರಲ್ಲಿ, ಪಾಲಿಮರಿನೊಳಗೆ ದ್ರವ ಸ್ಫಟಿಕದ ಸೂಕ್ಷ್ಮ ಹನಿಗಳನ್ನು ಹುದುಗಿಸಿ, ಬೆಳಕನ್ನು ಚದುರಿಸುವ ಪದರವನ್ನು ವರ್ಣಿಸಿದರು. ವೋಲ್ಟೇಜ್ ಇಲ್ಲದಾಗ ಹನಿಗಳು ಬೆಳಕನ್ನು ಚೆದುರಿಸುತ್ತವೆ. ವೋಲ್ಟೇಜ್ ಕೊಟ್ಟಾಗ ಹನಿಯ ವಕ್ರೀಭವನಾಂಕ ಪಾಲಿಮರಿನದಕ್ಕೆ ಸಮನಾಗಿ ಪದರ ಪಾರದರ್ಶಕವಾಗುತ್ತದೆ. ಥರ್ಮಲ್ ಕ್ಯಾಮೆರಾಕ್ಕೆ ಈ ಗುಣ ಹೇಳಿಮಾಡಿಸಿದಂತಿದೆ. ಲೋಹದ ರೆಕ್ಕೆ ಮಾಡುವ ಕೆಲಸವೇನು? ಎಲ್ಲ ಚೌಕಗಳಿಗೂ ಒಂದೇ ದೃಶ್ಯ ತೋರಿಸುವುದು. ಎದುರಿನ ದೃಶ್ಯವನ್ನೇ ಸಮನಾಗಿ ಕಲಸಿ ಕೊಟ್ಟರೂ ಆ ಕೆಲಸ ನಡೆಯುತ್ತದೆ. ತೊಡಕೆಂದರೆ, ಹತ್ತು ಮೈಕ್ರಾನಿನ ಬೆಳಕನ್ನು ಚೆನ್ನಾಗಿ ಚೆದುರಿಸಲು ಹನಿಗಳೂ ಅಷ್ಟೇ ದೊಡ್ಡದಾಗಬೇಕು, ದೊಡ್ಡ ಹನಿ ನಿಧಾನ. ಪಾಲಿಮರ್ ತನ್ನ ಪಾಲಿನ ಇಂಗಾಲ-ಹೈಡ್ರೋಜನ್ ಬಂಧಗಳಿಂದ ಬೆಳಕನ್ನು ನುಂಗುತ್ತದೆ ಬೇರೆ.

ಕೆಂಟ್ ಸ್ಟೇಟ್‌ನಲ್ಲೇ ಜಾನ್ ವೆಸ್ಟ್ ಮತ್ತು ಸಂಗಡಿಗರು 2005ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ದ್ರವ ಸ್ಫಟಿಕವೇ ಹೆಚ್ಚಿರುವ, ಪಾಲಿಮರ್ ಕಡಿಮೆ ಇರುವ ಪದರವನ್ನು ಮಾಡಿ, ಎರಡು ಕಿಟಕಿಗಳನ್ನು ಒಂದರ ಮೇಲೊಂದು ತುಸು ಜಾರಿಸಿದರು. ಆ ಎಳೆತಕ್ಕೆ ಪಾಲಿಮರಿನ ಗೂಡುಗಳೆಲ್ಲ ಒಂದೇ ದಿಕ್ಕಿಗೆ ಹಿಗ್ಗಿ, ಒಳಗಿನ ಅಣುಗಳೂ ಸಾಲಾಗಿ, ಚದುರುವಿಕೆ ಮಾಯವಾಯಿತು. ಈಗ ವೇಗವನ್ನು ನಿರ್ಧರಿಸುವುದು ಪೂರ್ತಿ ಪದರದ ದಪ್ಪವಾಗಿರಲಿಲ್ಲ, ಒಳಗಿನ ಪುಟ್ಟ ಗೂಡಿನ ಗಾತ್ರ. ದಪ್ಪದ ವರ್ಗದ ಹಿಡಿತದಿಂದ ಇಷ್ಟು ಸರಳವಾಗಿ ಬಿಡಿಸಿಕೊಂಡದ್ದು ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಅತ್ಯಂತ ಸುಂದರ ಕಲ್ಪನೆ. ಅದಕ್ಕೆ ತೆರುವ ಬೆಲೆ ಹೆಚ್ಚಿನ ವೋಲ್ಟೇಜ್.

ಎರಡು ಆವರ್ತನಗಳ ವಿಧಾನವೂ ಇದೆ. ಕಡಿಮೆ ಆವರ್ತನದ ವೋಲ್ಟೇಜಿಗೆ ಏಳುವ, ಹೆಚ್ಚಿನ ಆವರ್ತನಕ್ಕೆ ಮಲಗುವ ಮಿಶ್ರಣಗಳು ಅವು. ಎರಡೂ ಕಡೆ ತಳ್ಳುವ ಬಲ ಇರುವುದರಿಂದ ವೇಗ ಹೆಚ್ಚು. ಆದರೆ ಆ ಎರಡು ಆವರ್ತನಗಳ ನಡುವಿನ ಗಡಿ ತಾಪದೊಂದಿಗೆ ಓಡಾಡುತ್ತದೆ. 1980ರಲ್ಲಿ ಕ್ಲಾರ್ಕ್ ಮತ್ತು ಲಾಗರ್‌ವಾಲ್ ತೋರಿಸಿದ ಫೆರೋಎಲೆಕ್ಟ್ರಿಕ್ ದ್ರವ ಸ್ಫಟಿಕಗಳು ಮೈಕ್ರೊಸೆಕೆಂಡುಗಳಲ್ಲಿ ತಿರುಗುತ್ತವೆ. ಎರಡು ಮೈಕ್ರಾನಿನ ಪದರದಲ್ಲಿ ಅವು ಅದ್ಭುತ. ಅವಕೆಂಪಿಗೆ ಬೇಕಾದ ದಪ್ಪದಲ್ಲಿ ಅವುಗಳ ಸಹಜ ಸುರುಳಿ ಮರಳಿ ತಲೆಯೆತ್ತುತ್ತದೆ. ಸುರುಳಿಯ ಅಂತರ ಬಹಳ ಉದ್ದವಿರುವ ಹೊಸ ಅಣುಗಳನ್ನು ಕಟ್ಟಿದರೆ ಮಾತ್ರ ಪರಿಹಾರ. ನೋಡಿ, ಯಾವ ದಾರಿ ಹಿಡಿದರೂ ಕೊನೆಗೆ ರಸಾಯನದ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ಈ ಮಾತನ್ನು ಕರ್ನಾಟಕದಲ್ಲಿ ನಿಂತು ಹೇಳುವುದಕ್ಕೆ ಅರ್ಥವಿದೆ. ಪ್ರೊ. ಎಸ್. ಚಂದ್ರಶೇಖರ್ ಅವರು 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಬಂದು ದ್ರವ ಸ್ಫಟಿಕಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ಅಲ್ಲಿ ಪ್ರಯೋಗಾಲಯ ಕಟ್ಟಿದರು. 1977ರಲ್ಲಿ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಂದಿಗೆ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ, ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆ ಎಂದು ಜಗತ್ತಿಗೆ ತೋರಿಸಿತು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಿಗೆ ಮಾತ್ರ ಆ ಭಾಗ್ಯ ಎಂದು ನಂಬಲಾಗಿತ್ತು. ಬೆಂಜೀನಿನ ಆರು ಮೂಲೆಗಳಿಗೂ ಬಾಲ ಹಚ್ಚಿದ ಆ ಅಣುಗಳನ್ನು ಬೆಂಗಳೂರಿನ ಮೇಜಿನ ಮೇಲೆ ಕೈಯಾರೆ ಕಟ್ಟಿದ್ದರು. 1991ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನ ಆಶ್ರಯದಲ್ಲಿ ಚಂದ್ರಶೇಖರ್ ಅವರು ತೆರೆದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವೇ ಇಂದಿನ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ.

ಅಂದರೆ ಹೊಸ ಅಣು ಕಟ್ಟುವ ಪರಂಪರೆ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಈಚೆಗೆ ನಮ್ಮ ಕಾಲೇಜುಗಳಲ್ಲಿ ಸಾವಯವ ರಸಾಯನದ ಪ್ರಯೋಗಾಲಯಗಳಿಗೆ ಹಣ ಒದಗಿಸುವವರು ಕಡಿಮೆಯಾಗುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಅಣುವನ್ನು ಚಿತ್ರಿಸಿ ಅದರ ಗುಣಗಳನ್ನು ಊಹಿಸುವುದು ಸುಲಭ, ಅಗ್ಗ, ಪ್ರಬಂಧವೂ ಬೇಗ ಅಚ್ಚಾಗುತ್ತದೆ. ಆ ಕೆಲಸದ ಬೆಲೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಊಹಿಸಿದ ಅಣುವನ್ನು ಶೀಷೆಯಲ್ಲಿ ತುಂಬಿ ಕೊಡುವವರು ಬೇಕು. ನಮ್ಮಲ್ಲಿ ಅವರಿಲ್ಲದಿದ್ದರೆ ನಾವು ಅದನ್ನು ಜರ್ಮನಿಯಿಂದಲೋ ಚೀನಾದಿಂದಲೋ ಗ್ರಾಮ್ ಲೆಕ್ಕದಲ್ಲಿ ಕೊಳ್ಳುತ್ತಲೇ ಇರುತ್ತೇವೆ. ರಕ್ಷಣೆಗೆ ಬಳಕೆಯಾಗುವ ವಸ್ತುವನ್ನು ಮಾರಲು ಅವರು ಒಪ್ಪದೆಯೂ ಇರಬಹುದು.

ಆದ್ದರಿಂದ ಈ ಸಭೆಯಲ್ಲಿರುವ ರಸಾಯನಶಾಸ್ತ್ರದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು. ಎರಡೂ ಕಿಟಕಿಗಳನ್ನು ಸ್ವಚ್ಛವಾಗಿ ಬಿಡುವ, 0.4ಕ್ಕಿಂತ ಹೆಚ್ಚು ದ್ವಿವಕ್ರೀಭವನ ಇರುವ, ಸ್ನಿಗ್ಧತೆ ಕಡಿಮೆ ಇರುವ, ಕೋಣೆಯ ತಾಪದಲ್ಲಿ ನಿಲ್ಲುವ ನೆಮ್ಯಾಟಿಕ್ ಮಿಶ್ರಣ ಇನ್ನೂ ಬರಬೇಕಾಗಿದೆ. ಅದನ್ನು ನಿಮ್ಮ ಎಂಎಸ್ಸಿ ಯೋಜನೆಯಲ್ಲಿ, ಪಿಎಚ್‌ಡಿಯಲ್ಲಿ ಕೈಗೆತ್ತಿಕೊಳ್ಳಿ. ಪಕ್ಕದ ಭೌತವಿಜ್ಞಾನ ವಿಭಾಗದ ಗೆಳೆಯರನ್ನು ಜೊತೆಗೆ ಕರೆದುಕೊಳ್ಳಿ. ದತ್ತಿ ಕೊಡುವ ಮಹನೀಯರಲ್ಲೂ ಒಂದು ಬಿನ್ನಹ: ಉಪನ್ಯಾಸಗಳಿಗೆ ಕೊಡುತ್ತಿರುವ ಹಾಗೆಯೇ, ನಿಮ್ಮ ಊರಿನ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಒಂದು ಫ್ಯೂಮ್ ಹುಡ್, ಒಂದು ಒಳ್ಳೆಯ ಸೂಕ್ಷ್ಮದರ್ಶಕ ಕೊಡಿಸಿ. ಅಣು ಕಟ್ಟಬಲ್ಲ ಮಕ್ಕಳು ನಮ್ಮಲ್ಲಿದ್ದಾರೆ, ಅವರಿಗೆ ಬೇಕಾಗಿರುವುದು ಕೆಲಸ ಮಾಡಲು ಒಂದು ಮೇಜು.